ಪುಟ್ಟ ರೀಫ್ ಟ್ಯಾಂಕಿನಲ್ಲಿ ಉಪ್ಪು ಏರುತ್ತಿದೆಯೇ?

ನಿಮ್ಮ 20 ಲೀಟರ್ ರೀಫ್ ಟ್ಯಾಂಕಿನಲ್ಲಿ, ಅಂದ್ರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಝೋವಾ ಹವಳ ಮುದುಡಿಕೊಂಡಿದೆ, ಉಪ್ಪಿನಂಶ 35 ಇರಬೇಕಾದಲ್ಲಿ 39 ಪಿಪಿಟಿ (ಸಾವಿರ ಭಾಗಕ್ಕೆ 39 ಭಾಗ ಉಪ್ಪು) ತೋರಿಸ್ತಿದೆ, ದಿನಾ ಆವಿಯಾದಷ್ಟು ಉಪ್ಪುನೀರು ತುಂಬಿದರೂ ಹೀಗ್ಯಾಕೆ ಅಂತ ಕೇಳಿದ್ದೀರಿ. ಆ ಉಪ್ಪುನೀರೇ ಕಾರಣ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತೆ. ನೀವು ಒಂದು ಲೀಟರ್ ಉಪ್ಪುನೀರು ಹಾಕಿದಾಗಲೆಲ್ಲ ಸುಮಾರು 35 ಗ್ರಾಂ ಉಪ್ಪು ಹೆಚ್ಚುವರಿಯಾಗಿ ಸೇರುತ್ತೆ.

ಒಮ್ಮೆಲೇ ಇಳಿಸಬೇಡಿ. ದಿನಕ್ಕೆ ಅರ್ಧ ಲೀಟರ್ ಟ್ಯಾಂಕ್ ನೀರು ತೆಗೆದು, ಅಷ್ಟೇ ಪ್ರಮಾಣದ, ಲವಣ ಸೋಸಿ ತೆಗೆದ ಆರ್‌ಒ ನೀರು ಹಾಕಿ. ನಾಲ್ಕೈದು ದಿನದಲ್ಲಿ 35ರ ಹತ್ತಿರ ಬರುತ್ತೆ. ಅದಕ್ಕೂ ಮೊದಲು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ. ನನ್ನದು ಒಮ್ಮೆ ಎರಡು ಪಾಯಿಂಟ್ ತಪ್ಪು ತೋರಿಸಿ, ಸುಮ್ನೆ ವಾರವಿಡೀ ತಲೆ ಕೆಡಿಸಿತ್ತು.

ಆಮೇಲೆ ಗಾಜಿನ ಹೊರಗೆ ಮಾರ್ಕರ್‌ನಲ್ಲಿ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಬೆಳಿಗ್ಗೆ ಕಾಫಿ ಹೊತ್ತಿಗೆ ನೋಡಿ, ಗೆರೆವರೆಗೆ ಆರ್‌ಒ ನೀರು ತುಂಬಿದರೆ ಆಯ್ತು. ಮನೆಯ ಕುಡಿಯುವ ಆರ್‌ಒ ಯಂತ್ರಗಳು ಕೆಲವೊಮ್ಮೆ ಖನಿಜ ಬೆರೆಸುತ್ತವೆ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ಉಪ್ಪುನೀರು ಬೇಕಾಗುವುದು ವಾರಕ್ಕೊಮ್ಮೆ ಎರಡು ಲೀಟರ್ ನೀರು ಬದಲಿಸುವಾಗ ಮಾತ್ರ.

ಕ್ಲೌನ್ ಮೀನಿನ ಜೋಡಿ ತರುವ ಯೋಚನೆ ಬಿಡಿ, ಇಷ್ಟು ನೀರಿಗೆ ಅದು ಜಾಸ್ತಿಯಾಯ್ತು. ಬಸವನಹುಳು, ಒಂದು ಸಿಗಡಿ ಸಾಕಲ್ವಾ? ಮತ್ತೆ, ಮುರುಡೇಶ್ವರಕ್ಕೆ ಹೋದಾಗ ನೇತ್ರಾಣಿ ದ್ವೀಪದಿಂದ ಹವಳದ ತುಂಡು ತರ್ತೀನಿ ಅಂದಿದ್ದೀರಲ್ಲ, ಖಂಡಿತ ಬೇಡ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.