ಕುಂಬಳದ ಟೊರ್ಟೆಲ್ಲಿ ಒಡೆಯುತ್ತಿದ್ದರೆ ಮೊದಲು ಹೂರಣವನ್ನು ನೋಡಿ

ಸಿಹಿಗುಂಬಳವನ್ನು ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿ, ಹೂರಣ ತೆಳ್ಳಗಾಯಿತೆಂದು ಎರಡು ಚಮಚ ಮೈದಾ ಬೆರೆಸಿ ತುಂಬಿದ ಟೊರ್ಟೆಲ್ಲಿಗಳು, ಅಂದರೆ ಇಟಲಿಯ ಹೂರಣ ತುಂಬಿದ ಪಾಸ್ತಾ, ಕುದಿನೀರಿಗೆ ಬಿದ್ದೊಡನೆ ಬಾಯಿಬಿಟ್ಟವೆಂದು ನೀವು ಬರೆದಿದ್ದೀರಿ. ಈವರೆಗೆ ಉತ್ತರಿಸಿದವರೆಲ್ಲ ಕಣಕವನ್ನು ಇನ್ನಷ್ಟು ದಪ್ಪಗೆ ಲಟ್ಟಿಸಿ ಎಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಹಾಕಿರುವ ಚಿತ್ರದಲ್ಲಿ ತಟ್ಟೆಗೆ ತಾಗಿದ ಕಡೆಯೆಲ್ಲ ಕಣಕ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಕುಂಬಳದ ನೀರು ಇಳಿದು ತಳವನ್ನು ಆಗಲೇ ನೆನೆಸಿಬಿಟ್ಟಿದೆ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಬೀಗರು ಊಟಕ್ಕೆ ಬರುವ ದಿನ ಮಧ್ಯಾಹ್ನವೇ ಅರವತ್ತು ಟೊರ್ಟೆಲ್ಲಿಗಳನ್ನು ಮಡಿಸಿ, ಸ್ಟೀಲ್ ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದೆ. ಸಂಜೆ ಎತ್ತಲು ಹೋದಾಗ ಮೇಲಿನ ಹಾಳೆ ಮಾತ್ರ ಕೈಗೆ ಬಂತು, ತಳ ತಟ್ಟೆಯಲ್ಲೇ ಉಳಿಯಿತು. ಸೌಟಿನಿಂದ ಕೆರೆದು ಬೇಯಿಸಿದ ಹತ್ತಿಪ್ಪತ್ತರಲ್ಲೂ ಹೂರಣದ ಮೈದಾ ಹಸಿಹಸಿಯಾಗಿ, ಗೋಡೆಗೆ ಕಾಗದ ಅಂಟಿಸುವ ಗೋಂದಿನಂತೆ ನಾಲಿಗೆಗೆ ಮೆತ್ತಿಕೊಳ್ಳುತ್ತಿತ್ತು. ಕೊನೆಗೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬೆಣ್ಣೆ ಹಾಕಿ ಕಲಸಿ ಬಡಿಸಿದೆ. ಬೀಗಿತ್ತಿಯವರು ಬಹಳ ಮರ್ಯಾದೆಯಿಂದ, ಇದು ಪಾಯಸವೇ ಎಂದು ಕೇಳಿದರು.

ಇಟಲಿಯ ಮಾಂಟುವಾ ಊರಿನವರು ಟೊರ್ಟೆಲ್ಲಿಗೆ ಬಳಸುವ, ಪಾದ್ರಿಯ ಟೊಪ್ಪಿಯೆಂದೇ ಹೆಸರಾದ ಕುಂಬಳಕ್ಕೂ ಅದೇ ದೇಶದ ಫೆರಾರಾ ಊರಿನವರು ತಮ್ಮ ಕಪ್ಪೆಲ್ಲಾಚ್ಚಿಗೆ (ಅದೂ ಇಂಥದೇ ಕುಂಬಳದ ಪಾಸ್ತಾ) ಬಳಸುವ ವಿಯೊಲಿನಾ ಕುಂಬಳಕ್ಕೂ ತಿರುಳು ಗಟ್ಟಿ, ನೀರು ಕಡಿಮೆ. ನಮ್ಮ ಸಂತೆಯ ಸಿಹಿಗುಂಬಳದಲ್ಲಿ ನೀರೇ ಹೆಚ್ಚು. ಅದನ್ನು ಕುಕ್ಕರಿನಲ್ಲಿಟ್ಟರೆ ಮತ್ತಷ್ಟು ನೀರು ಕುಡಿಸಿದಂತಾಗುತ್ತದೆ. ಕೊಯ್ದು ತಿಂಗಳಾದರೂ ಕಳೆದ, ಒಳಗೆ ಗಾಢ ಕಿತ್ತಳೆ ಬಣ್ಣದ ಕಾಯಿಯನ್ನು ಕೇಳಿ ತನ್ನಿ. ಬಟರ್‌ನಟ್ ಜಾತಿಯ ಕುಂಬಳ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಬೀಜ ತೆಗೆದು, ಸಿಪ್ಪೆ ಬಿಡಿಸದೆ, 190 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಓವನ್‌ನಲ್ಲಿ ಸುಡಿ. ಅಂಚು ಅಲ್ಲಲ್ಲಿ ಕಪ್ಪಾದರೆ ಚಿಂತಿಸಬೇಡಿ. ತಿರುಳನ್ನು ಕೆರೆದು ತೆಳುವಾದ ಪಂಚೆಯ ತುಂಡಿನಲ್ಲಿ ಕಟ್ಟಿ, ಮೊಸರು ಸೋರಿಸುವಂತೆ ಒಂದು ರಾತ್ರಿ ಫ್ರಿಜ್ಜಿನಲ್ಲಿ ಸೋರಲು ಬಿಡಿ. ಒಂದು ಕಿಲೋ ಕಾಯಿಯಿಂದ ನನಗೆ ಅರ್ಧ ಕಿಲೋಗಿಂತ ಕಡಿಮೆ ತಿರುಳೇ ಉಳಿಯುತ್ತದೆ. ಓವನ್ ಇಲ್ಲದಿದ್ದರೆ ಹೋಳುಗಳನ್ನು ಆವಿಯಲ್ಲಿ ಬೇಯಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಹಲ್ವದಂತೆ ಅಂಚು ಬಿಡುವವರೆಗೂ ಕೈಯಾಡಿಸಿ. ತಣಿದ ಮೇಲೆ ಒಂದು ಚಮಚ ಹೂರಣವನ್ನು ಒಣ ಮಣೆಯ ಮೇಲೆ ಹತ್ತು ನಿಮಿಷ ಇಟ್ಟು ಎತ್ತಿ ನೋಡಿ: ಒದ್ದೆಯ ಉಂಗುರ ಮೂಡಿದ್ದರೆ ಅದು ಇನ್ನೂ ತುಂಬುವ ಹದಕ್ಕೆ ಬಂದಿಲ್ಲ.

ಉಳಿದ ಪಸೆಯನ್ನು ಹೀರಲು ಮಾಂಟುವಾದವರು ತುರಿದ ಗ್ರಾನಾ ಚೀಸನ್ನೂ ಅಮರೆತ್ತಿ ಎಂಬ ಬಾದಾಮಿ ಬಿಸ್ಕತ್ತಿನ ಪುಡಿಯನ್ನೂ ಬೆರೆಸುತ್ತಾರೆ. ಜೊತೆಗೆ ಸಾಸಿವೆಯ ಘಾಟಿರುವ ಹಣ್ಣಿನ ಮುರಬ್ಬ ಮೊಸ್ತಾರ್ದ, ಚಿಟಿಕೆ ಜಾಯಿಕಾಯಿ. ಮೊಸ್ತಾರ್ದ ಸಿಗದ ಕಾರಣ ನಾನು ಹುಳಿ ಸೇಬನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಸ್ವಲ್ಪ ಸಾಸಿವೆ ಪುಡಿ ಸೇರಿಸುತ್ತೇನೆ. ಫೆರಾರಾದಲ್ಲಿ ಬಿಸ್ಕತ್ತೂ ಇಲ್ಲ, ಮುರಬ್ಬವೂ ಇಲ್ಲ; ಚೀಸ್, ಜಾಯಿಕಾಯಿ ಅಷ್ಟೇ, ಆದ್ದರಿಂದ ಅಮರೆತ್ತಿ ದುಬಾರಿ ಎನ್ನುವವರು ಆ ಊರಿನ ದಾರಿ ಹಿಡಿಯಬಹುದು. ಇಲ್ಲಿ ಒಬ್ಬರು ಸೂಚಿಸಿರುವ ಸಂಸ್ಕರಿತ ಚೀಸ್ ಕ್ಯೂಬುಗಳನ್ನು ಮಾತ್ರ ಹಾಕಬೇಡಿ. ಅವು ಕರಗುತ್ತವೆಯೇ ಹೊರತು ನೀರನ್ನು ಹೀರುವುದಿಲ್ಲ. ಸಸ್ಯಾಹಾರಿಗಳು ಇನ್ನೊಂದನ್ನು ಗಮನಿಸಬೇಕು: ಅಸಲಿ ಗ್ರಾನಾ ಪದಾನೋ, ಪಾರ್ಮಿಜಾನೋ ಎರಡೂ ಚೀಸಿಗೆ ಹಾಲು ಒಡೆಯಿಸಲು ಕರುವಿನ ಜಠರದ ರೆನ್ನೆಟ್ ಬಳಸುತ್ತಾರೆ.

ಕಣಕದ ವಿಷಯದಲ್ಲಿ ಹೋಳಿಗೆಯ ಅಭ್ಯಾಸವನ್ನು ಮರೆಯಿರಿ. ಹೋಳಿಗೆಯ ಕಣಕ ಸಡಿಲವಾಗಿ ಎಣ್ಣೆಯಲ್ಲಿ ನೆನೆಯಬೇಕು. ಇದು ಗಟ್ಟಿಯಾಗಿರಬೇಕು, ಎಣ್ಣೆ ತಾಗಿದರೆ ಅಂಚುಗಳು ಕೂಡಿಕೊಳ್ಳುವುದಿಲ್ಲ. 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ ಎಂಬ ಲೆಕ್ಕ ಸರಿ, ಆದರೆ ನಮ್ಮ ಮೊಟ್ಟೆಗಳು ಸಣ್ಣವು. ಕಣಕ ಬಿರುಕು ಬಿಟ್ಟರೆ ನೀರಿನ ಬದಲು ಇನ್ನೊಂದು ಹಳದಿ ಭಾಗವನ್ನು ಸೇರಿಸಿ. ಹತ್ತು ನಿಮಿಷ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಮಣೆಯ ಗೆರೆಗಳು ಹಾಳೆಯ ಮೂಲಕ ಮಸುಕಾಗಿ ಕಾಣುವಷ್ಟು ತೆಳ್ಳಗೆ ಲಟ್ಟಿಸಿ. ಹಾಳೆ ಲಟ್ಟಿಸುವ ನನ್ನ ಮಾರ್ಕಾತೊ ಅಟ್ಲಾಸ್ ಯಂತ್ರದ ಬಗ್ಗೆ ನನಗೆ ದೂರಿಲ್ಲ, ಆದರೆ ಲಟ್ಟಣಿಗೆಯೂ ಸಾಕು. ಯಂತ್ರ ಕೊಂಡವರು ಅದನ್ನು ನೀರಿನಲ್ಲಿ ತೊಳೆಯದೆ ಒಣ ಬ್ರಷ್‌ನಿಂದ ಒರೆಸಿ. ತುಂಬಿದ ಮೇಲೆ ಹೂರಣದ ಸುತ್ತ ಒತ್ತಿ ಒಳಗಿನ ಗಾಳಿಯನ್ನು ಹೊರಡಿಸದಿದ್ದರೆ, ಹೂರಣ ಎಷ್ಟೇ ಒಣಗಿದ್ದರೂ ಬೇಯುವಾಗ ಉಬ್ಬಿ ಒಡೆಯುತ್ತದೆ.

ಮಡಿಸಿದ್ದನ್ನು ಸ್ಟೀಲ್ ತಟ್ಟೆಯ ಮೇಲೆ ಇಡಲೇಬೇಡಿ. ಬಟ್ಟೆಯ ಮೇಲೆ ಚಿರೋಟಿ ರವೆ ಉದುರಿಸಿ ಬಿಡಿಬಿಡಿಯಾಗಿ ಹರಡಿ, ಅರ್ಧ ಗಂಟೆಯೊಳಗೆ ಬೇಯಿಸಿ. ಆಗದಿದ್ದರೆ ಹಾಗೆಯೇ ಫ್ರೀಜರಿಗೆ ಹಾಕಿ, ಮರುದಿನ ಕರಗಿಸದೆ ನೇರವಾಗಿ ನೀರಿಗೆ ಬಿಡಿ. ನೀರು ಮೆಲ್ಲಗೆ ಕುದಿಯುತ್ತಿರಲಿ. ತಾಜಾ ಇದ್ದರೆ ಮೂರು ನಾಲ್ಕು ನಿಮಿಷ ಸಾಕು. ಮೇಲೆ ಸೇಜ್ ಎಂಬ ಪರಿಮಳದ ಎಲೆ ಗರಿಗರಿಯಾಗುವಂತೆ ಕಾಯಿಸಿದ ಬೆಣ್ಣೆ. ಇದಕ್ಕೆ ನಂದಿನಿಯ ಉಪ್ಪಿಲ್ಲದ ಬೆಣ್ಣೆಯೇ ನನಗೆ ಇಷ್ಟ, ಚೀಸಿನಲ್ಲಿ ಉಪ್ಪು ಮೊದಲೇ ಇರುತ್ತದೆ. ಸೇಜ್ ಇಲ್ಲವೆಂದು ಕರಿಬೇವು ಹಾಕುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಅವರ ಮನೆಗೆ ಊಟಕ್ಕೂ ಹೋಗುವುದಿಲ್ಲ.

ಮೈದಾ ಕಲಸಿದ ಹೂರಣ ಇನ್ನೂ ಉಳಿದಿದ್ದು, ಅದಕ್ಕೆ ಚೀಸ್ ಬೆರೆಸಿಲ್ಲದಿದ್ದರೆ ಎಸೆಯಬೇಡಿ. ಬೆಲ್ಲವನ್ನೂ ಹಿಡಿಸುವಷ್ಟು ಗೋಧಿಹಿಟ್ಟನ್ನೂ ಸೇರಿಸಿ ಗಾರಿಗೆ ಕರಿಯಿರಿ.