ಈ ನಂದಿಯಲ್ಲಿ ಮೊದಲು ನಡೆಯಿರಿ

ಕೀನ್ಯಾದ ನಂದಿ ಹಿಲ್ಸ್‌ಗೆ ಗಣಿತದ ಮೇಷ್ಟ್ರಾಗಿ ಬರುತ್ತಿದ್ದೇನೆ, ಚಿಕ್ಕಬಳ್ಳಾಪುರದಲ್ಲಿ ದಿನಾ 5 ಕಿಲೋಮೀಟರ್ ಓಡುತ್ತೇನೆ, ಅಲ್ಲಿಯೂ ಓಡಬಹುದೇ, ಪ್ರಾಣಿಗಳ ಭಯವಿದೆಯೇ, ಕಾರು ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಿಮ್ಮೂರಿನ ನಂದಿಬೆಟ್ಟದ ಬುಡದಿಂದ ಈ ನಂದಿಗೆ ಬರುತ್ತಿದ್ದೀರಲ್ಲ, ಓದಿ ಸಂತೋಷವಾಯಿತು. ಆದರೆ ಹೆಸರಿಗೆ ನಂಟಿಲ್ಲ. ಇಲ್ಲಿ ನಂದಿ ಎಂದರೆ ಕಲೆಂಜಿನ್ ಜನರಲ್ಲಿ ಒಂದು ಪಂಗಡ.

ಪ್ರಾಣಿಗಳ ಚಿಂತೆ ಬಿಡಿ, ಎಲ್ಲೆಲ್ಲೂ ಚಹಾ ತೋಟವೇ. ನಾಯಿಗಳಿಗೆ ಒಂದು ಕೋಲು ಸಾಕು. ಸಂಜೆ ಆರೂವರೆಯೊಳಗೆ ಮನೆ ಸೇರಿ. ಇಲ್ಲಿ ವರ್ಷವಿಡೀ ಕತ್ತಲೆ ಥಟ್ಟನೆ ಕವಿಯುತ್ತದೆ.

ಓಡಬಹುದು, ಆದರೆ ಬಂದ ಕೂಡಲೇ ಬೇಡ. ನಂದಿಬೆಟ್ಟದ ತುದಿ 1,478 ಮೀಟರ್. ಇಲ್ಲಿ ನೀವು ಮಲಗುವ ಮನೆಯೇ ಸುಮಾರು 2,000 ಮೀಟರ್ ಎತ್ತರದಲ್ಲಿರುತ್ತದೆ, ಗಾಳಿ ತೆಳು, ಬೇಗ ಉಸಿರು ಕಟ್ಟುತ್ತದೆ. 2009ರಲ್ಲಿ ಕೊಪ್ಪದಿಂದ ಇಲ್ಲಿನ ಟೀ ಫ್ಯಾಕ್ಟರಿಗೆ ಬಂದವನು ನಾನು. ಎರಡನೆಯ ದಿನವೇ ಓಡಲು ಹೋಗಿ, ಮುನ್ನೂರು ಹೆಜ್ಜೆಗೆ ಎದೆ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ಕುಳಿತೆ. ಮೂರು ವಾರ ಬರೀ ನಡೆಯಿರಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಓಟದ ಚಿನ್ನ ಗೆದ್ದ ಕಿಪ್ ಕೀನೊ, ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಓಡಿದ ಎಲಿಯಡ್ ಕಿಪ್ಚೋಗೆ ಇಬ್ಬರೂ ಈ ನಂದಿ ನೆಲದವರು. ಅಂಥ ನೆಲದ ಓಟಗಾರರೂ ಬೆಳಗಿನ ಓಟವನ್ನು ಹೆಚ್ಚುಕಡಿಮೆ ನಡಿಗೆಯ ವೇಗದಲ್ಲೇ ಶುರುಮಾಡುತ್ತಾರೆ. ಅವರ ಬಾಲ ಹಿಡಿದು ಹೋಗಿ.

ಇನ್ನು ಕಾರಿನ ಮಾತು. ಅಂದು ರಸ್ತೆಯಂಚಿನಲ್ಲಿ ಕುಳಿತಿದ್ದ ನನ್ನನ್ನು ಎಬ್ಬಿಸಿದವರು ನಮ್ಮ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ವಿಭಾಗದ ಹಿರಿಯರು. ಎಲ್ಲರೂ ಅವರನ್ನು ಮ್ಜೇ ಎನ್ನುತ್ತಿದ್ದರು, ನಾವು ಯಜಮಾನರೇ ಎಂದಂತೆ. "ಪೋಲೆ, ಪೋಲೆ" ಎಂದು ಮರುಗಿ, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಕ್ವಾರ್ಟರ್ಸ್‌ವರೆಗೆ ಬಂದರು. ಆಮೇಲೆ ಒಂದು ವರ್ಷ ದಿನಾ ಸಂಜೆ ಜೊತೆಯಲ್ಲೇ ನಡೆದೆವು. ನನಗೆ ಸ್ವಾಹಿಲಿ ಬಂದದ್ದು ಆ ದಾರಿಯಲ್ಲೇ. ಬಂದವರನ್ನು ಒಂದಷ್ಟು ದೂರ ನಡೆದು ಕಳಿಸಿಕೊಡುವುದಕ್ಕೆ ಇಲ್ಲಿ ಕುಸಿಂದಿಕಿಜಾ ಎನ್ನುತ್ತಾರೆ. ನೆಂಟರನ್ನು ಬಸ್ಸು ಹತ್ತಿಸಿ ಬರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ವರ್ಷ ನಾನು ಕಾರು ಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಅವರು ಚರ್ಚಿಗೆ ಹೊರಟಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ; ಪಾಲಿಶ್ ಮಾಡಿದ ಬೂಟು ಮಣ್ಣಾಗದಿರಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿತ್ತು, ಟಾರು ರಸ್ತೆ ಸಿಕ್ಕ ಮೇಲೆ ಹಾಕಿಕೊಳ್ಳಲು. ಎಲ್ಡೊರೆಟ್‌ನಲ್ಲಿ ಯಾರೋ ಕಾಯುತ್ತಿದ್ದಾರೆಂಬ ಅವಸರದಲ್ಲಿ ನಾನು ಗಾಜು ಏರಿಸಿಕೊಂಡು ಪಕ್ಕದಲ್ಲೇ ಸಾಗಿದೆ. ಮೊರಂ ಎಂಬ ಕೆಂಪು ಜಲ್ಲಿಮಣ್ಣಿನ ರಸ್ತೆ, ಮಳೆಯಿಲ್ಲದ ಕಾಲ. ಕನ್ನಡಿಯಲ್ಲಿ ಕಂಡೆ: ಬೇಲಿಯ ಕಡೆ ಮುಖ ತಿರುಗಿಸಿ, ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು, ಕೆಂಪು ಧೂಳು ಅವರ ಮೇಲೆ ಇಳಿಯುತ್ತಿತ್ತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಸೋಮವಾರ ಅವರು ಎಂದಿನಂತೆ ಕೈಕುಲುಕಿದರು, ನಾನೂ ಕುಲುಕಿದೆ. ಆ ಮಾತು ಎತ್ತಲು ಬಾಯಿ ಬರಲಿಲ್ಲ. ಕೆಲವೇ ತಿಂಗಳಲ್ಲಿ ನಿವೃತ್ತರಾಗಿ ಕಪ್ಸಬೆಟ್ ಆಚೆಯ ತಮ್ಮ ಹಳ್ಳಿಗೆ ಹೊರಟರು. ಆ ದಿನವೂ ನಾನು ಯಂತ್ರದ ರಿಪೇರಿಯಲ್ಲಿದ್ದೆ. ಗೇಟಿನವರೆಗೂ ಜೊತೆಗೆ ಹೋಗಲಿಲ್ಲ. ಹದಿಮೂರು ಹದಿನಾಲ್ಕು ವರ್ಷವಾದರೂ ಆ ಬಿಳಿ ಅಂಗಿ ಕಣ್ಣಿಂದ ಹೋಗಿಲ್ಲ.

ಆದ್ದರಿಂದ ಮೊದಲ ವರ್ಷ ಕಾರು ಕೊಳ್ಳಬೇಡಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಬೇಡಿ. ಎದುರು ಬಂದವರು "ಚಾಮ್‌ಗೇ" ಎಂದು ಇಲ್ಲಿನ ನಮಸ್ಕಾರ ಹೇಳಿದಾಗ ನಿಂತು ಉತ್ತರಿಸಿ, ಓಟದ ಲೆಕ್ಕ ತಪ್ಪಿದರೂ ಸರಿ. ಓಡುವ ಬೂಟು ಅಲ್ಲಿಂದಲೇ ತನ್ನಿ, ಮಳೆಗಾಲದ ಗಂಬೂಟು ಇಲ್ಲೇ ಸಿಗುತ್ತದೆ. ರಾಗಿ ಹೊತ್ತು ತರಬೇಡಿ, ಇಲ್ಲಿ ಅದು ವಿಂಬಿ. ನನ್ನ ಹೆಂಡತಿ ತುಮಕೂರಿನವಳು, ಮುದ್ದೆ ಚೆನ್ನಾಗಿ ಕಟ್ಟುತ್ತಾಳೆ. ಮೊದಲ ಭಾನುವಾರ ಊಟಕ್ಕೆ ಬನ್ನಿ, ಹೊರಡುವಾಗ ಟಾರು ರಸ್ತೆಯವರೆಗೆ ನಾನೂ ನಡೆದು ಬರುತ್ತೇನೆ.