ರಾಜಕೀಯದಲ್ಲಿ ಎಡ, ಬಲ ಅಂದರೇನು? ನಾನು ಯಾವ ಕಡೆ ಅಂತ ತಿಳಿಯುವುದು ಹೇಗೆ?

ಪ್ರಶ್ನೆಯ ಎರಡನೇ ಭಾಗ ಓದಿ ನಗು ಬಂತು. ಡಿಗ್ರಿ ಓದುವಾಗ ನಾನೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದೆ. ಉತ್ತರವೂ ಸಿಕ್ಕಿತು ಅಂದುಕೊಂಡೆ. ಆ ಉತ್ತರದ ದೆಸೆಯಿಂದ ಅಪ್ಪನ ಆರು ಎಕರೆ ಭತ್ತ ಒಣಗಿ ನಿಂತಿತು.

ನಮ್ಮದು ಮಾನ್ವಿ ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನಮ್ಮ ಕಡೆ ಎಡ-ಬಲ ಅಂದರೆ ಮೊದಲು ಕಾಲುವೆಯೇ. ಎಡದಂಡೆ ಕೊಪ್ಪಳ, ರಾಯಚೂರಿಗೆ. ಬಲದಂಡೆ ಬಳ್ಳಾರಿಗೆ, ಅಲ್ಲಿಂದ ಆಂಧ್ರಕ್ಕೆ. ಹೊಳೆ ಹರಿಯುವ ಕಡೆ ಮುಖ ಮಾಡಿ ನಿಂತರೆ ಎಡಗೈಗೆ ಸಿಗುವುದು ಎಡದಂಡೆ. ತಿರುಗಿ ನಿಂತರೆ ಲೆಕ್ಕ ತಪ್ಪಿತು. ಇನ್ನೊಂದು ಎಡಗೈ-ಬಲಗೈ, ದಲಿತ ಸಮುದಾಯಗಳ ಒಳಗಿನ ವಿಂಗಡಣೆ. 2025ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ 17 ಪರ್ಸೆಂಟ್ ಮೀಸಲಾತಿಯನ್ನು ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಅಂತ ಹಂಚಲು ತೀರ್ಮಾನಿಸಿತಲ್ಲ, ಅದು ಈ ಲೆಕ್ಕದ್ದು. ಪೇಪರಿನಲ್ಲಿ 'ಎಡಗೈ' ಅಂತ ಕಂಡ ಕೂಡಲೇ ಕಮ್ಯುನಿಸ್ಟರು ಅಂದುಕೊಳ್ಳಬೇಡಿ. ನನ್ನ ರೂಮ್‌ಮೇಟ್ ಒಂದು ವರ್ಷ ಹಾಗೇ ಓದಿಕೊಂಡಿದ್ದ.

ನೀವು ಕೇಳಿದ್ದು ಮೂರನೆಯದು. 1789ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಜನಪ್ರತಿನಿಧಿಗಳ ಸಭೆ ಸೇರಿತ್ತು. ಸಭೆ ಮಾಡಿದ ಕಾನೂನನ್ನು ರಾಜ ತಡೆಯಬಹುದೇ ಅಂತ ಚರ್ಚೆ. ತಡೆಯಬಹುದು ಅಂದವರು ಅಧ್ಯಕ್ಷರ ಬಲಕ್ಕೆ ಕೂತರು, ರಾಜನ ಕೈ ಕಟ್ಟಬೇಕು ಅಂದವರು ಎಡಕ್ಕೆ. ಮೂಲದಲ್ಲಿ ಇದು ಸುಮ್ನೆ ಕುರ್ಚಿ ಲೆಕ್ಕ. ಆಮೇಲೆ ಸಮಾನತೆ, ಭೂಮಿ ಹಂಚಿಕೆ, ಕಾರ್ಮಿಕರ ಹಕ್ಕು ಅನ್ನುವವರು ಎಡ ಆದರು. ಸಂಪ್ರದಾಯ, ರಾಷ್ಟ್ರ, ಖಾಸಗಿ ಆಸ್ತಿ, ವ್ಯಾಪಾರಕ್ಕೆ ಅಡ್ಡಿ ಬೇಡ ಅನ್ನುವವರು ಬಲ ಆದರು. ಪರೀಕ್ಷೆಗೆ ಇಷ್ಟು ಸಾಕು.

ಈಗ ನನ್ನ ಕಥೆ. ರಾಯಚೂರಿನ ಹಾಸ್ಟೆಲ್‌ನಲ್ಲಿ ಕಾರಟಗಿ ಕಡೆಯ ಸೀನಿಯರ್ ಒಬ್ಬರಿದ್ದರು. ರಾತ್ರಿ ಎರಡರ ತನಕ ಮಾತು. ಆರು ತಿಂಗಳಲ್ಲಿ ನಾನು ಪಕ್ಕಾ ಎಡ. ಆ ವರ್ಷ ಬೇಸಿಗೆ ಬೆಳೆ. ಮಾರ್ಚ್ ಕೊನೆ, ಕಾಳು ಹಾಲು ತುಂಬುವ ಹೊತ್ತು. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬಿನಲ್ಲಿ ನೀರಿಲ್ಲ. ಕಾಲುವೆಯ ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಕಾಯ್ದುಕೊಳ್ಳಿ ಅಂತ ನೀರಾವರಿ ಆಫೀಸಿಗೆ ಮನವಿ ಕೊಡುವುದು ಅಂತಾಯಿತು. ಓದಿದವನು ಅಂತ ನನಗೇ ಬರೆಯಲು ಹೇಳಿದರು.

ಗುಡಿ ಕಟ್ಟೆ ಮೇಲೆ ಸಹಿ ಹಾಕಿಸುತ್ತಿದ್ದೆ. ರೈಸ್‌ಮಿಲ್ ಸಾವ್ಕಾರರು ತಾವೇ ಬಂದರು. ಜೇಬಿನಿಂದ ಪೆನ್ನು ತೆಗೆದು ಕ್ಯಾಪ್ ಕೂಡ ಬಿಚ್ಚಿದರು. 'ಸುತ್ತಲ ನಾಲ್ಕೂರಿನವರ ಸಹಿ ನಾ ಹಾಕಿಸ್ತೀನಿ, ಜೀಪೂ ಕೊಡ್ತೀನಿ' ಅಂದರು. ನಾನು ಹಾಳೆ ಹಿಂದಕ್ಕೆ ಎಳೆದುಕೊಂಡೆ. 'ಇದು ರೈತರ ಮನವಿ, ಬಂಡವಾಳಶಾಹಿಗಳದ್ದಲ್ಲ' ಅಂದೆ. ಅಷ್ಟು ಜನರ ಮುಂದೆ! ಅವರು ಬಡ್ಡಿಗೆ ದುಡ್ಡು ಕೊಡುತ್ತಿದ್ದರು, ಹೌದು. ಮಿಲ್ಲಿನ ಮೇಲೆ ಯಾವ ಪಕ್ಷದ ಬಾವುಟ ಇತ್ತು ಅನ್ನೋದೂ ಎಲ್ಲರಿಗೂ ಗೊತ್ತು. ಆದರೆ ಅವರದ್ದೂ ಹತ್ತು ಎಕರೆ ನಮ್ಮ ತೂಬಿನ ಕೆಳಗೇ ಇತ್ತು. ನಮ್ಮ ಭತ್ತ ಬರದಿದ್ದರೆ ಅವರ ಮಿಲ್ಲೂ ಬಂದ್. ಆ ದಿನ ಆ ಹಾಳೆ ಮೇಲೆ ನೀರಿನ ಪ್ರಶ್ನೆ ಬಿಟ್ಟು ಬೇರೇನೂ ಇರಲಿಲ್ಲ, ನಾನು ಮನುಷ್ಯನ ಬಣ್ಣ ನೋಡಿದೆ. ಅವರು ಪೆನ್ನಿಗೆ ಕ್ಯಾಪ್ ಹಾಕಿ ಎದ್ದು ಹೋದರು. ಅವರ ಹಿಂದೆ ಅರ್ಧ ಕಟ್ಟೆ ಖಾಲಿ. ನನ್ನ ಕೈಯಲ್ಲಿ ಉಳಿದದ್ದು 38 ಸಹಿ.

ಆಫೀಸಿನಲ್ಲಿ ಹಾಳೆ ತಗೊಂಡು ಪೇಪರ್‌ವೆಯ್ಟ್ ಕೆಳಗೆ ಇಟ್ಟರು. ನೀರು ಬರಲು 11 ದಿನ. ಅಷ್ಟರಲ್ಲಿ ತೆನೆ ಬೆಳ್ಳಗಾಗಿತ್ತು, ಹಿಂಡಿದರೆ ಬರೀ ಜೊಳ್ಳು. 38 ಸಹಿ ಅಲ್ಲ, 300 ಇದ್ದರೂ ಇಷ್ಟೇ ಅಂತ ಬಹಳ ದಿನ ಸಮಾಧಾನ ಮಾಡಿಕೊಂಡೆ. ಮುಂದಿನ ವರ್ಷ ಸಾವ್ಕಾರರು ನಾಲ್ಕೂರಿನವರನ್ನು ಟ್ರಾಕ್ಟರ್ ಹತ್ತಿಸಿಕೊಂಡು ಹೋದರು. ನಾಲ್ಕನೇ ದಿನಕ್ಕೆ ತೂಬಿನಲ್ಲಿ ನೀರು.

ಇನ್ನೂ ಒಂದಿದೆ. ಆ ಸೀನಿಯರ್ ಮನೆಗೆ ಅದೇ ವರ್ಷ ಮೇ ತಿಂಗಳಲ್ಲಿ ಮದುವೆಗೆ ಹೋಗಿದ್ದೆ. ಮನೆ ಹಿಂದೆ ನಮ್ಮದೇ ಕಾಲುವೆಯ ಮೇಲ್ಭಾಗ. ಕಾಲುವೆಗೆ ಪೈಪ್ ಇಳಿಬಿಟ್ಟು ಪಂಪ್‌ಸೆಟ್ ಹಾಕಿದ್ದರು. ಪರ್ಮಿಷನ್ ಇಲ್ಲ. ಹೊಲದಲ್ಲಿ ಆಗಷ್ಟೇ ಕೊಯ್ದ ಭತ್ತದ ರಾಶಿ. ಬಾಗಿಲ ಮೇಲೆ ಕೆಂಬಾವುಟ. ಊಟ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಜಗಳ ಯಾವತ್ತೂ ಮೇಲ್ಭಾಗದವರು, ಕೊನೆಭಾಗದವರು ಅನ್ನೋದು. ಅದಕ್ಕೆ ವರ್ಸೇಲ್ಸ್‌ನಲ್ಲಿ ಕುರ್ಚಿ ಇರಲಿಲ್ಲ.

ಅದಕ್ಕೇ 'ನಾನು ಯಾವ ಕಡೆ' ಅನ್ನೋ ಪ್ರಶ್ನೆಯನ್ನೇ ಬಿಡಿ ಅಂತೀನಿ. ಎಡ-ಬಲ ಎಂಬುದು ವಿಷಯಕ್ಕೆ ಅಂಟುವ ಚೀಟಿ. ಮನುಷ್ಯನ ಹಣೆಗೆ ಅಂಟಿಸಿದರೆ ಕೆಡುತ್ತದೆ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು ಗೇಣಿದಾರರಿಗೆ ಹೊಲ ಕೊಡಿಸಿದ್ದು ದೇವರಾಜ ಅರಸು, ಕಾಂಗ್ರೆಸ್ಸಿನವರು. ಕೆಲಸ ಎಡ, ಪಕ್ಷ ಎಡಪಕ್ಷ ಅಲ್ಲ. ಏನಂತೀರಿ? ಮೊಬೈಲಿನಲ್ಲಿ ಟೆಸ್ಟ್ ಬರುತ್ತವಲ್ಲ, ಇಪ್ಪತ್ತು ಪ್ರಶ್ನೆಗೆ ನೀವು ಎಡ ಅಂತ ಹೇಳುವಂಥವು, ಅವುಗಳನ್ನಂತೂ ಮುಟ್ಟಬೇಡಿ. ಗೇಣಿ, ಬಡ್ಡಿ, ನೀರು, ಮೀಸಲಾತಿ, ಒಂದೊಂದಕ್ಕೂ ಬೇರೆ ಬೇರೆ ಯೋಚನೆ ಮಾಡಿ. ಉತ್ತರ ಒಂದೇ ಕಡೆ ಬೀಳದಿದ್ದರೆ ಬೀಳದಿರಲಿ.

ಬಡ್ಡಿ ವಿಷಯದಲ್ಲಿ ಸಾವ್ಕಾರರ ಜೊತೆ ನನಗೆ ಇವತ್ತಿಗೂ ಜಗಳ. ಆದರೆ ಗೇಜ್ ಇಳಿದರೆ ಮೊದಲು ಹೋಗುವುದು ಅವರ ಮನೆಗೇ. ಹೋದ ತಿಂಗಳೂ ಹೋಗಿದ್ದೆ. ಬಾಗಿಲಲ್ಲೇ ಕೂಗಿದರು: 'ಬಾರಪಾ, ಬಂಡವಾಳಶಾಹಿ ಮನಿ ಚಾ ಕುಡೀತಿಯೇನು?'